ಅಂಗಾಲು ಬಿಟ್ಟು

ಇಗರ್ಜಿಯ ಗಂಟೆ ನಿಲ್ಲುವ ಮೊದಲೇ ಆಲ್ಡಿತ್ ಅಟ್ಟದ ಏಣಿ ಹತ್ತಿ ಬ್ರಾಕನ ಕುತ್ತಿಗೆಗೆ ಹಗ್ಗ ಹಾಕಿದಳು. ಹನ್ನೊಂದು ತಿಂಗಳಿಂದ ಹಗಲು ಕಾಣದ ನಾಯಿ ಅದು. ಕತ್ತಲಾದ ಮೇಲೆ ಕುರಿದೊಡ್ಡಿ ಕಾಯಲು ಇಳಿಯುವುದು, ಬೆಳಗಾಗುವಷ್ಟರಲ್ಲಿ ಹುಲ್ಲಿನೊಳಗೆ ಸೇರುವುದು. ರಾಜನ ಕಾಡು ಕಾಯುವವರು ಊರ ನಾಯಿಗಳ ಮುಂಗಾಲಿನ ಪಂಜ ಕತ್ತರಿಸಲು ಬಂದಾಗ, ಬ್ರಾಕನನ್ನು ತೋಳ ಹೊತ್ತುಕೊಂಡು ಹೋಯಿತೆಂದು ಆಲ್ಡಿತ್ ಎದೆ ಬಡಿದುಕೊಂಡು ಅತ್ತಿದ್ದಳು.

"ದೊರೆ ಕಾಡಂಚಿನವರಿಗೆಲ್ಲ ಸ್ವಾತಂತ್ರ್ಯ ಬರೆದು ಕೊಟ್ಟಿದ್ದಾನಂತೆ ಕಣೋ," ಎಂದಳು ನಾಯಿಗೆ. "ಇನ್ನು ನೀನೂ ಬಿಸಿಲು ಕಾಯಿಸ್ಕೋ, ಬಾ."

ಇಗರ್ಜಿಯ ಮುಂದೆ ಜನ ತುಳಿದು ಹಿಮವೆಲ್ಲ ಕೆಸರಾಗಿತ್ತು. ಪಾದ್ರಿ ಓಸ್ಬರ್ಟ್ ಕುರಿಚರ್ಮದ ಹಾಳೆ ಬಿಡಿಸಿ ನಿಂತಿದ್ದ. ಪಕ್ಕದಲ್ಲಿ ಕಾಡಿನ ಅಧಿಕಾರಿ ಫುಲ್ಕ್. ನಾಯಿಯನ್ನು ಕಂಡು ಅವನ ಹುಬ್ಬು ಮೇಲೇರಿತು.

"ಏನಮ್ಮಾ, ತೋಳ ವಾಪಸ್ ತಂದು ಬಿಡ್ತಾ?"

"ರುಚಿ ಹಿಡಿಸಲಿಲ್ವಂತೆ, ಧಣಿ."

ಜನ ನಕ್ಕರು. ಫುಲ್ಕನೂ ನಕ್ಕ. ಅವನು ನಕ್ಕದ್ದೇ ಆಲ್ಡಿತಳಿಗೆ ಧೈರ್ಯ ತಂದಿತು. ಹಾಳೆಯ ಕೆಳಗೆ ನೇತಾಡುತ್ತಿದ್ದ ಎರಡು ಮೇಣದ ಮುದ್ರೆಗಳತ್ತ ಬೆರಳು ಮಾಡಿ, "ಇದರಲ್ಲಿ ದೊರೇದು ಯಾವುದು ಸ್ವಾಮಿ?" ಎಂದು ಪಾದ್ರಿಯನ್ನು ಕೇಳಿದಳು.

"ಯಾವುದೂ ಅಲ್ಲ. ದೊರೆಗಿನ್ನೂ ಹತ್ತು ವರ್ಷ, ಅವನಿಗೆ ಮುದ್ರೇನೇ ಮಾಡಿಸಿಲ್ಲ. ದೊಡ್ಡವರು ತಮ್ಮದನ್ನ ಒತ್ತಿದ್ದಾರೆ. ಸುಮ್ನೆ ಕೇಳು."

ಪಾದ್ರಿ ಒಂದು ಸಾಲು ಲ್ಯಾಟಿನ್ ಓದುವನು, ಮತ್ತೆ ಊರ ಮಾತಿನಲ್ಲಿ ಬಿಡಿಸಿ ಹೇಳುವನು. "ಇನ್ನು ಮುಂದೆ ನಮ್ಮ ಜಿಂಕೆಯ ದೆಸೆಯಿಂದ ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳತಕ್ಕದ್ದಲ್ಲ." ಗುಂಪು ಒಟ್ಟಿಗೆ ಉಸಿರು ಬಿಟ್ಟಿತು. ಆಲ್ಡಿತಳ ಗಂಡನ ಎರಡು ಕಣ್ಣೂ ಹೋದದ್ದು ಒಂದು ಜಿಂಕೆಯ ತೊಡೆಗಾಗಿ. ಆಮೇಲೆ ಅವನು ಎರಡು ಚಳಿಗಾಲವೂ ಬದುಕಲಿಲ್ಲ. ಅವಳು ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡಳು. ತಡವಾದರೂ ಬಂತಲ್ಲ. ನಾಯಿಯ ಕಾಲೂ ಅಂಗವೇ ತಾನೇ.

ಪಾದ್ರಿ ಗಂಟಲು ಸರಿಮಾಡಿಕೊಂಡ. "ನಾಯಿಗಳ ವಿಷಯ. ಜಿಂಕೆಯನ್ನು ಬೆನ್ನಟ್ಟದ ಹಾಗೆ ಮುಂಗಾಲಿನ ಮೂರು ಬೆರಳು ಕತ್ತರಿಸತಕ್ಕದ್ದು. ಅಂಗಾಲು ಬಿಟ್ಟು."

"ಬಿಟ್ಟು?" ಎಂದಳು ಆಲ್ಡಿತ್.

"ಹೂಂ ಮತ್ತೆ. ಮುಂಚೆ ಅದನ್ನೂ ತೆಗೀತಿದ್ರಲ್ಲ, ಈಗ ಉಳೀತು. ಅದೂ ಊರಿನ ಮರ್ಯಾದಸ್ಥರ ಕಣ್ಣೆದುರೇ ಆಗಬೇಕು. ಮೊದಲಿನ ಹಾಗೆ ಮನಸ್ಸಿಗೆ ಬಂದಂತೆ ನಡೆಯೋದಿಲ್ಲ."

ಫುಲ್ಕ್ ಚೀಲದಿಂದ ಉಳಿ ತೆಗೆದ. ಬ್ರಾಕ್ ಅವನ ಕೈ ಮೂಸಿ ಬಾಲ ಅಲ್ಲಾಡಿಸಿತು.

ಆಲ್ಡಿತ್ ಕೆಸರಿನಲ್ಲೇ ಮಂಡಿಯೂರಿದಳು. "ಧಣಿ, ಕುರಿ ಈಯೋ ಕಾಲ. ಕುಂಟೋ ನಾಯಿ ತೋಳನ್ನ ಏನು ಅಟ್ಟುತ್ತೆ? ಹೋದ ಸಲ ಗಿರಣಿ ಸೇರಿಕನ ಎತ್ತು ತಗೊಂಡು ಅವನ ನಾಯೀನ ಬಿಟ್ರಲ್ಲ. ನನ್ನ ಹತ್ರಾನೂ ಒಂದು ಎತ್ತಿದೆ. ಹೊಡ್ಕೊಂಡು ಹೋಗಿ."

ಫುಲ್ಕನ ಮುಖದಲ್ಲಿ ನಿಜವಾದ ನೋವು ಕಾಣಿಸಿತು. "ಪಾದ್ರಿಗಳೇ, ಅದರ ಮುಂದಿನದನ್ನೂ ಓದಿ."

"ನಾಯಿಯ ನೆಪದಲ್ಲಿ ಇನ್ನು ಯಾರ ಎತ್ತನ್ನೂ ಹಿಡಿಯತಕ್ಕದ್ದಲ್ಲ."

"ಕೇಳಿಸ್ತಾ ತಾಯಿ? ಅದು ದಬ್ಬಾಳಿಕೆ. ನಿನ್ನ ಎತ್ತನ್ನ ಇನ್ನು ಯಾವನೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟಲ್ಲ."

ಮರ್ಯಾದಸ್ಥರೆಂದು ನಾಲ್ವರನ್ನು ಮುಂದೆ ಕರೆದರು. ಸೇರಿಕನೂ ಅವರಲ್ಲೊಬ್ಬ. ಅವನು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ.

"ಈ ಕಡೆ ನೋಡಯ್ಯಾ," ಎಂದ ಫುಲ್ಕ್. "ನೀನು ನೋಡದಿದ್ರೆ ಅನ್ಯಾಯ ಆಗುತ್ತೆ."

ಆಲ್ಡಿತ್ ನಾಯಿಯ ತಲೆಯನ್ನು ಮಡಿಲಿಗೆ ಒತ್ತಿ ಹಿಡಿದಳು. ಮರದ ದಿಮ್ಮಿ, ಉಳಿ, ಕೊಡತಿಯ ಒಂದೇ ಪೆಟ್ಟು. ಪಾದ್ರಿ ಬಗ್ಗಿ ನೋಡಿ, "ಅಂಗಾಲು ಇದ್ದ ಹಾಗೇ ಇದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾಲ್ವರೂ ತಲೆಯಾಡಿಸಿದರು.

ಬ್ರಾಕ್ ಅವಳ ಕೈ ಕೊಸರಿಕೊಂಡು ಕುಂಟುತ್ತ ಇಗರ್ಜಿಯ ಮೆಟ್ಟಿಲೇರಿತು. ಅಲ್ಲಿನ ಹಿಮವನ್ನು ಇನ್ನೂ ಯಾರೂ ತುಳಿದಿರಲಿಲ್ಲ. ನಾಯಿ ತಡೆಯಲಾರದೆ ಒಮ್ಮೆ ಆ ಕಾಲೂರಿತು. ಬೆಳ್ಳಗಿನ ಹಿಮದ ಮೇಲೆ ಕೆಂಪಗೆ, ದುಂಡಗೆ ಒಂದು ಗುರುತು. ಅಂಚಿನಲ್ಲಿ ಒಂದೇ ಬೆರಳು.

ಆಲ್ಡಿತ್ ಅದನ್ನು ನೋಡುತ್ತ ನಿಂತಳು.

"ಆ ಹಾಳೆ ಇತ್ತ ಚಾಚಿ ಸ್ವಾಮಿ," ಎಂದಳು. "ದೊರೆ ಮುದ್ರೆ ಬಾಕಿ ಇತ್ತಲ್ಲ."