ಟವೆಲ್ಲಿನಡಿಯ ದಡ್ಡ

"ಏಳೋ ದಂಡಪಿಂಡ," ಎಂದು ಗುತ್ತಿಗೆದಾರ ಗದರಿದ.

ಗುಂಡ ಏಳಲಿಲ್ಲ. ತಲೆಯ ಮೇಲೆ ಟವೆಲ್ ಬಿದ್ದಿತ್ತು. ಅದರಡಿ ನಾಯಿ ಕಲ್ಲಿನಂತೆ ಕೂತಿತ್ತು. ಬುದ್ಧಿಯಿರುವ ನಾಯಿ ಟವೆಲ್ಲನ್ನು ಥಟ್ಟನೆ ಕೊಡವಿ ಹೊರಬರಬೇಕು. ನಾಯಿಗಳ ಬುದ್ಧಿ ಅಳೆಯುವ ಕೇಂದ್ರದ ಪರೀಕ್ಷಕಿ ಗಡಿಯಾರ ನೋಡುತ್ತಾ ನಿಂತಳು. ಗುತ್ತಿಗೆದಾರನ ಹೆಂಡತಿ ಇನ್ನೊಮ್ಮೆ ಕೆಮ್ಮಿದಳು.

"ಔಷಧಿ ಕುಡಿಯೋಕೆ ನಿಂಗೇನು ರೋಗ?" ಎಂದ ಗಂಡ.

ಇವನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ನಾಯಿ ಪಾಸಾದರೆ ಅವನ ಗೋದಾಮು ಕಾಯಲು ಸರಪಳಿಗೆ. ಫೇಲಾದರೆ ಈ ಕೇಂದ್ರಕ್ಕೇ ಬಿಟ್ಟುಕೊಡುವುದು. ಕೇಂದ್ರದವರು ಅದಕ್ಕೆ ಬೇರೆ ಮನೆ ಹುಡುಕುತ್ತಾರೆ. ದಡ್ಡ ನಾಯಿ ಸಾಕಿ ಮಾನ ಕಳೆದುಕೊಳ್ಳುತ್ತಾನೆಯೇ, ಮಹಾ ಮರ್ಯಾದಸ್ಥ! ಮರಿಯಾಗಿದ್ದಾಗಿನಿಂದ ತುತ್ತಿಟ್ಟು ಸಾಕಿದವಳು ಹೆಂಡತಿ. ಗುಂಡ ಹೋದರೆ ಆ ಮನೆಯಲ್ಲಿ ಅವಳಿಗೆ ತನ್ನವರು ಅಂತ ಯಾರೂ ಉಳಿಯುವುದಿಲ್ಲ. ತೊಡೆಯ ಮೇಲಿನ ದೊಡ್ಡ ಚೀಲವನ್ನು ಅವುಚಿಕೊಂಡು ಕೂತಿದ್ದಳು.

"ನಾಯಿ ಸಾಮಾನಂತೆ," ಗಂಡ ಚೀಲ ತೋರಿಸಿ ಪರೀಕ್ಷಕಿಗೆ ಹೇಳಿ ನಕ್ಕ. "ಮದುವೇಲೂ ಇಷ್ಟು ತಂದಿರಲಿಲ್ಲ."

ಕೊನೆಗೆ ಪರೀಕ್ಷಕಿಯೇ ಟವೆಲ್ ತೆಗೆದಳು. ನಾಯಿಯ ಕಣ್ಣೆದುರೇ ಒಂದು ಡಬ್ಬಿಯಡಿ ಬಿಸ್ಕತ್ತು ಬಚ್ಚಿಟ್ಟಳು. ಹೆಂಡತಿಗೆ ಮತ್ತೆ ಕೆಮ್ಮು. ಗುಂಡ ಡಬ್ಬಿಯನ್ನೇ ನೋಡಿತು, ಜೊಲ್ಲು ಸುರಿಸಿತು, ಕದಲಲಿಲ್ಲ.

ಗಂಡ ಸೊಂಟದ ಬೆಲ್ಟಿಗೆ ಕೈ ಹಾಕಿದ, ಬರೀ ಸರಿಪಡಿಸಿಕೊಳ್ಳಲು. ನಾಯಿ ತಲೆ ತಗ್ಗಿಸಿತು. ಹೆಂಡತಿಯೂ ತಗ್ಗಿಸಿದಳು. ಪರೀಕ್ಷಕಿಗೆ ಮೈಯೆಲ್ಲ ಉರಿಯಿತು.

"ಫೇಲ್," ಎಂದಳು.

"ಇವಳ ಕೈಲಿ ಬೆಳೆದದ್ದು ಇನ್ನೇನಾಗುತ್ತೆ? ಎಲ್ಲಿ ಸಹಿ ಹಾಕಬೇಕು ಹೇಳಿ." ಗೀಚಿ, ಪೆನ್ನು ಎಸೆದ. "ಅಳೋದು ಮುಗಿಸಿ ಬೇಗ ಬಾ. ಕಾರಲ್ಲಿರ್ತೀನಿ."

ಬಾಗಿಲು ಧಡಾರನೆ ಮುಚ್ಚಿತು. ಹೆಂಡತಿ ಅಳಲಿಲ್ಲ. ಎದ್ದು, ಟವೆಲ್ಲನ್ನು ಮತ್ತೆ ನಾಯಿಯ ತಲೆಗೆ ಹೊದಿಸಿದಳು. ಈ ಸಲ ಕೆಮ್ಮಲಿಲ್ಲ.

ಗುಂಡ ಒಮ್ಮೆ ಕೊಡವಿ ಹೊರಬಂತು. ಡಬ್ಬಿ ಉರುಳಿಸಿ ಬಿಸ್ಕತ್ತನ್ನು ಕಟಕಟ ಅಗಿಯಿತು.

"ಕೆಮ್ಮಿದ್ರೆ ಅಲುಗಾಡಬಾರದು ಅಂತ ನಾನೇ ಕಲಿಸಿದ್ದು," ಎಂದಳು. "ದಿನಾ, ಆ ಪಾಪಿ ಕೆಲಸಕ್ಕೆ ಹೋದ ಮೇಲೆ. ಇನ್ನು ಇದು ಅವನದ್ದಲ್ಲ, ಅಲ್ವಾ ಮೇಡಂ? ನೀವು ಹುಡುಕೋ ಮನೆ ನಂದೇ ಆಗಬಹುದಾ?"

ಹೊರಗೆ ಹಾರನ್ ಒಂದೇ ಸಮನೆ ಅರಚುತ್ತಿತ್ತು. ಪರೀಕ್ಷಕಿ ನಾಯಿಯ ಹಗ್ಗವನ್ನು ಅವಳ ಕೈಗಿಟ್ಟು, ಹಿಂದಿನ ಬಾಗಿಲು ತೆರೆದಳು.

ಹೆಗಲಿಗೇರಿದ ಆ ಚೀಲದಲ್ಲಿ ನಾಯಿಯ ಸಾಮಾನು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಅವಳ ಬಟ್ಟೆ.