ಮೊಂಡು ರೆಕ್ಕೆಯ ನೊಣ

ಸಕೀನಾಬೀಯ ಬೆರಳು ಆ ಮಣಿಯ ಹತ್ತಿರ ಬರುತ್ತಿದ್ದಂತೆ ಕರಿಬಸಯ್ಯ ಮಾಸ್ತರ ಉಸಿರು ಬಿಗಿಹಿಡಿದ. ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮುಂದಕ್ಕೆ ಸರಿಯಿತು. ಮಸ್ಕಿಯ ಆ ಸಣ್ಣ ಪಡಸಾಲೆಯಲ್ಲಿ ಆಕೆಯ ಜಪ ಮುಗಿಯುವ ತನಕ ಅವನು ಚೀಲವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದ.

ಜಪಸರದ ಆ ಒಂದು ಮಣಿ ಮುದಗಲ್ಲಿನ ಬಳೆಗಾರರ ಅಂಗಡಿಯ ಗಾಜು. ಅದನ್ನು ಅಲ್ಲಿ ಸೇರಿಸಿದವನು ಇವನೇ. ಅಸಲಿ ಮಣಿ, ಅಂದರೆ ಅದರಲ್ಲಿ ಉಳಿದಿದ್ದ ಒಂದು ಚೂರು, ಅವನ ಚೀಲದಲ್ಲಿತ್ತು.

ಹೋದ ವರ್ಷ, ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ, ಸರದ ದಾರ ಹರಿದಿತ್ತು. ಲಿಂಗಸುಗೂರಿನ ಪಟವೇಗಾರರ ಹತ್ತಿರ ಪೋಣಿಸಿಕೊಂಡು ಬರುತ್ತೇನೆಂದು ಇವನೇ ಮುಂದೆ ಬಿದ್ದು ಒಯ್ದಿದ್ದ. ಮಸ್ಕಿಯ ಶಾಲೆಯಲ್ಲಿದ್ದಾಗ ಸಕೀನಾಬೀಯ ಪಕ್ಕದ ಮನೆಯವನು. ಈಗ ಲಿಂಗಸುಗೂರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಹುಳುಹುಪ್ಪಟೆಯ ಹುಚ್ಚು ಇವನಿಗಿದೆಯೆಂದು, ಗಂಡ ಲಾಲ್‌ಸಾಬರು ತೀರಿಕೊಂಡ ಮೇಲೆ ಆಕೆ ಅವರ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಇವನಿಗೇ ಕೊಟ್ಟಿದ್ದಳು. ಅಂಥವನನ್ನು ನಂಬದೆ ಇನ್ನಾರನ್ನು ನಂಬಬೇಕು?

ಅವು ಕಹರುಬಾ ಮಣಿಗಳು. ಯಾವುದೋ ಕಾಲದಲ್ಲಿ ಮರದಿಂದ ಸುರಿದ ಅಂಟು ನೆಲದೊಳಗೆ ಕೂತು ಕಲ್ಲಾದದ್ದು. ಲಾಲ್‌ಸಾಬರ ತಂದೆ ಹಜ್ ಯಾತ್ರೆಯಿಂದ ತಂದ ಸರ. ಬಿಸಿಲಿಗೆ ಹಿಡಿದು ನೋಡಿದರೆ ಒಂದು ಮಣಿಯೊಳಗೆ ನೊಣ!

ಕೇಳಿದ್ದರೆ ಆಕೆ ಕೊಡುತ್ತಿದ್ದಳೇನೋ. ಆದರೆ ಗಂಡನ ಮನೆತನದ ವಸ್ತು. ಕೊಡದಿದ್ದರೆ? ಆ ಭಯಕ್ಕೆ ಮಾಸ್ತರ ಕೇಳಲೇ ಇಲ್ಲ. ಗಾಜಿನ ಮಣಿ ಪೋಣಿಸಿದ ಸರವನ್ನು ಆಕೆಯ ಕೈಗಿಟ್ಟು, ಸ್ವಲ್ಪ ದಿನದ ಎರವಲು ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಂಬಳಿಗೆ ತಿಕ್ಕಿದರೆ ಮಣಿ ಹುಲ್ಲಿನ ಎಸಳನ್ನು ಎಳೆದುಕೊಂಡಿತು. ಕಾಯ್ದ ಸೂಜಿ ತಾಕಿಸಿದರೆ ಘಮಘಮಿಸಿತು. ಅಸಲಿಯೇ ಸರಿ. ಒಳಗಿನ ನೊಣ ಮಾತ್ರ ವಿಚಿತ್ರ. ಮೈಯೆಲ್ಲ ನಮ್ಮ ಅಡುಗೆಮನೆಯ ನೊಣದಂತೆ. ಎರಡೂ ರೆಕ್ಕೆಗಳ ತುದಿ ಮಾತ್ರ ನೇರ, ಮೊಂಡು. ಹೈದರಾಬಾದಿನಿಂದ ತರಿಸಿದ ಯಾವ ಪುಸ್ತಕದಲ್ಲೂ ಅಂಥ ರೆಕ್ಕೆ ಇರಲಿಲ್ಲ. ಮಣಿಯ ನಡುವೆ ಕೂದಲೆಳೆಯಂಥ ಗೆರೆಯೊಂದಿತ್ತು. ಅಂಟು ಎರಡು ಸಲ ಸುರಿದದ್ದರ ಗುರುತು ಎಂದು ಬರೆದುಕೊಂಡ. ನೊಣದ ಹೊಟ್ಟೆಯ ಭಾಗ ಕಾಣಲೆಂದು ಮಣಿಯನ್ನು ಉಜ್ಜಬೇಕಾಯಿತು. ಅರ್ಧ ಮಣಿ ಪುಡಿಯಾಗಿ ಹೋಯಿತು. ಎರವಲು ಕಳವಾದದ್ದು ಅವತ್ತು.

ಅವತ್ತಿನಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಮಸ್ಕಿಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದ. ಪ್ರಾಯಶ್ಚಿತ್ತವೆಂಬಂತೆ, ಹೊಸ ಜಾತಿಯ ಆ ನೊಣಕ್ಕೆ ಲಾಲ್‌ಸಾಬರ ಹೆಸರನ್ನೇ ಇಟ್ಟ. ಲೇಖನ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ನಾಳೆ ಹೈಸ್ಕೂಲಿನಲ್ಲಿ ಸನ್ಮಾನ, ತಹಶೀಲ್ದಾರರೇ ಹಾರ ಹಾಕುವವರು. ಅಷ್ಟರೊಳಗೆ ಈಕೆಯ ಬಾಯಿಂದ ಮಾಫಿ ಸಿಗದಿದ್ದರೆ ಆ ಹಾರಕ್ಕೆ ಕತ್ತು ಒಡ್ಡುವುದು ಹೇಗೆ?

ಸಕೀನಾಬೀ ಸರವನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟಳು.

"ನಿಂತ ಇದ್ದೀರಲ್ರೀ ಮಾಸ್ತರ, ಕೂಡ್ರಿ."

"ಯಕ್ಕಾ, ನಾ ದೊಡ್ಡ ತಪ್ಪು ಮಾಡೀನ್ರೀ. ಆ ಸರದಾಗಿನ ಒಂದು ಮಣಿ..."

"ಗಾಜಿಂದು," ಎಂದಳು ಆಕೆ. "ಅವತ್ತ ಗೊತ್ತಾತ್ರೀ. ಕಹರುಬಾ ಬೆರಳಿಗೆ ಬೆಚ್ಚಗ ಇರತೈತಿ, ಗಾಜು ತಣ್ಣಗ. ಪಟವೇಗಾರ ಬದಲಿ ಮಾಡ್ಯಾನ ಅಂದ್ಕೊಂಡೆ. ಹೇಳಿದ್ರ ನೀವು ನೊಂದ್ಕೋತೀರಂತ ಸುಮ್ಮನಾದೆ."

ಮಾಸ್ತರನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ತಪ್ಪು ಪಟವೇಗಾರನ ತಲೆಗೆ ತಾನಾಗಿಯೇ ಹೋಗಿ ಕೂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಪಟವೇಗಾರ ಅಲ್ರೀ ಯಕ್ಕಾ. ನಾನ."

ಅವನು ಚೀಲದಿಂದ ಪತ್ರಿಕೆ ತೆಗೆದು, ನೊಣದ ಚಿತ್ರ ಇದ್ದ ಪುಟ ಬಿಚ್ಚಿ ಮುಂದಿಟ್ಟ. ಇದಕ್ಕಾಗಿ ಮಾಡಿದೆ ಎಂದ. ಹೆಸರಿನ ವಿಷಯವನ್ನೂ ಹೇಳಿದ.

ಸಕೀನಾಬೀ ಸಿಡಿದಳು. "ಹೊಲಸಿನ ಮ್ಯಾಲೆ ಕೂಡೋ ನೊಣಕ್ಕ ನಮ್ಮವರ ಹೆಸರೇನ್ರೀ?"

"ಅಂಥ ನೊಣ ಅಲ್ರೀ ಯಕ್ಕಾ! ಇದು ಕೋಟ್ಯಂತರ ವರ್ಷದ ಹಿಂದಿನದು. ಇಂಥಾದ್ದನ್ನ ಜಗತ್ತಿನ್ಯಾಗ ಯಾರೂ ಕಂಡಿಲ್ಲ. ಓದಿದ ಮಂದಿ ಇರೋತನಕ ಲಾಲ್‌ಸಾಬ್ರ ಹೆಸರು ಉಳಿತೈತಿ. ರೆಕ್ಕಿ ನೋಡ್ರಿ ಹೆಂಗೈತಿ. ಅದರ ಮ್ಯಾಲೇ ಹೊಸ ಜಾತಿ ಅಂತ ತೀರ್ಮಾನ ಆತು."

ಆಕೆ ಚಿತ್ರದ ಮೇಲೆ ಬಾಗಿದಳು. ಬೆರಳು ರೆಕ್ಕೆಯ ತುದಿಯಲ್ಲಿ ನಿಂತಿತು. ಮುಖದ ಬಿಗಿ ಸಡಿಲಿತು, ಕಣ್ಣು ತುಂಬಿ ಬಂದವು.

"ನಿಮಗ ಮಾಫ್ ಮಾಡೀನ್ರೀ ಮಾಸ್ತರ. ನಮ್ಮವರು ಪಟ್ಟ ಮೆಹನತ್ ದಂಡ ಆಗಲಿಲ್ಲ ನೋಡ್ರಿ."

ಎದೆಯ ಮೇಲಿನ ಬಂಡೆ ಇಳಿದಂತಾಗಿ ಮಾಸ್ತರ ನಕ್ಕುಬಿಟ್ಟ. ವರ್ಷದಿಂದ ಮರೆತಿದ್ದ ನಗು. "ಯಾವ ಮೆಹನತ್ ರೀ ಯಕ್ಕಾ?"

"ಜಹಗೀರದಾರರ ಮನ್ಯಾಗ ನೊಣ ಇದ್ದ ಮಣಿ ನೋಡಿ ಬಂದು, ನಮ್ಮ ಮಗಳು ಮಾಸುಂಬಿ ಸಣ್ಣಾಕಿ ಇದ್ದಾಗ ನನಗೂ ಬೇಕಂತ ಒಂದ ಸಮ ಅಳಾಕತ್ತಿದ್ಲು. ನಮ್ಮವರು ಈ ಸರದಾಗಿನ ಒಂದು ಮಣಿ ಸೀಳಿ, ಬೆಲ್ಲದ ಮ್ಯಾಲೆ ಕುಂತಿದ್ದ ನೊಣ ಹಿಡದು ಒಳಗ ಇಟ್ಟು, ಅಂಟು ಹಚ್ಚಿ ಕೂಡಿಸಿದ್ರು. ರೆಕ್ಕಿ ಒಳಗ ಹಿಡೀಲಿಲ್ಲಂತ ತುದಿ ಕತ್ತರಿಸಿದ್ರು. ಆಕಿ ಲಗ್ನ ಆಗಿ ಸಿಂಧನೂರಿಗೆ ಹೋಗೋವಾಗ ಮಣಿ ಸರಕ್ಕ ವಾಪಸ್ ಪೋಣಿಸಿ ಹೋದ್ಲು. ಒಂದು ಮಾತು ಕೇಳಿದ್ರ ಅವತ್ತ ಹೇಳ್ತಿದ್ನೆಲ್ರೀ ಮಾಸ್ತರ."