ಪೂರ್ಣವಿರಾಮವಿದ್ದ ಮೆಸೇಜು

ಊಟದ ಬಿಡುವಿನಲ್ಲಿ ಮೊಬೈಲ್ ನೋಡಿದ ಸುನ್ನಿವಾಳ ಕೈಯಲ್ಲಿದ್ದ ಬ್ರೆಡ್ಡು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

"ಐವಿಂದ್ ನನ್ನ ಬಿಟ್ಟುಬಿಡ್ತಾನೆ," ಎಂದಳು.

ಮೀನು ಪ್ಯಾಕ್ ಮಾಡುವಾಗ ಅವಳ ಪಕ್ಕದಲ್ಲೇ ನಿಲ್ಲುವ ಗುಡ್ರುನ್ ಮೊಬೈಲ್ ಕಿತ್ತುಕೊಂಡು ಓದಿದಳು: 'ನಾನು ನಿನ್ನೊಡನೆ ಒಂದು ಮುಖ್ಯ ವಿಷಯವನ್ನು ಕುರಿತು ಮಾತನಾಡಲು ಬಯಸುತ್ತೇನೆ. ಸಂಜೆ ಐದು ಗಂಟೆಗೆ ಹಡಗುಕಟ್ಟೆಗೆ ಬರಬೇಕೆಂದು ಕೋರುತ್ತೇನೆ.'

"ಅಯ್ಯೋ, 'ಯೈ' ಅಂತ ಬರೆದಿದಾನಲ್ಲೇ!"

ಇವರಿರುವ ಸೆನ್ಯಾ ದ್ವೀಪದಲ್ಲಿ 'ನಾನು' ಎನ್ನಲು 'ಆ್ಯ' ಎನ್ನುತ್ತಾರೆ. ಮೊಬೈಲಿನಲ್ಲೂ ಹಾಗೇ ಬರೆಯುತ್ತಾರೆ. ಅದರ ಗ್ರಂಥಸ್ಥ ರೂಪವಾದ 'ಯೈ' ಕಾಣಿಸುವುದು ಶಾಲೆಯ ಪುಸ್ತಕದಲ್ಲಿ, ಇಲ್ಲವೇ ತೆರಿಗೆಯವರ ನೋಟಿಸಿನಲ್ಲಿ.

"ಪೂರ್ಣವಿರಾಮ ಬೇರೆ ಇಟ್ಟಿದಾನೆ ನೋಡು," ಸುನ್ನಿವಾ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಇಟ್ಟವನಲ್ಲ. ಓಸ್ಲೋಗೆ ಟ್ರೈನಿಂಗ್ ಅಂತ ಹೋಗಿದ್ನಲ್ಲ, ಅಲ್ಲಿ ಯಾವಳೋ ಕಲಿಸಿದಾಳೆ."

"ನನ್ನ ಗಂಡ ಡೈವೋರ್ಸ್ ಕೇಳಿದ್ದೂ ನಮ್ಮ ಮಾತಲ್ಲೇ ಕಣೇ," ಎಂದಳು ಗುಡ್ರುನ್. "ಇದು ಅದಕ್ಕಿಂತ ಜೋರಾಗೇ ಇದೆ."

ಸಂಜೆ ಐವಿಂದ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಮುದ್ರದ ಗಾಳಿಗೆ ನಡುಗುತ್ತ ಕಟ್ಟೆಯ ಮೇಲೆ ನಿಂತಿದ್ದ. ಸುನ್ನಿವಾ ಕೆಲಸದ ಬೂಟಿನಲ್ಲೇ ದಡದಡ ಬಂದಳು.

"ಯಾರವಳು?"

"ಯಾವಳು?"

"ನಿಂಗೆ 'ಯೈ' ಬರೆಯೋಕೆ ಕಲಿಸಿದವಳು!"

ಅವನ ಮುಖ ಕೆಂಪೇರಿತು. "ದೊಡ್ಡ ವಿಷಯ ಅಲ್ವಾ... ತಪ್ಪಾಗಬಾರದು ಅಂತ ನಿಘಂಟು ನೋಡ್ಕೊಂಡು ಬರೆದೆ." ಜೇಬಿನಿಂದ ಉಂಗುರ ತೆಗೆದು ಗಂಟಲು ಸರಿಮಾಡಿಕೊಂಡ. "ಸುನ್ನಿವಾ, ನಿನ್ನನ್ನು ವಿವಾಹವಾಗಲು ನಾನು ಇಚ್ಛಿಸು..."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಏಯ್, ನಿಲ್ಸೋ! ಪಂಚಾಯ್ತಿಗೆ ಅರ್ಜಿ ಹಾಕ್ತಿದೀಯಾ? ನಮ್ ಮಾತಲ್ಲಿ ಕೇಳು."

"ನನ್ನ ಮದ್ವೆ ಆಗ್ತೀಯೇನೇ?"

ಸುನ್ನಿವಾ ತುಟಿ ಚೂಪು ಮಾಡಿ 'ಶುಪ್' ಎಂದು ಉಸಿರನ್ನು ಒಳಗೆಳೆದುಕೊಂಡಳು. ದ್ವೀಪದವರು 'ಹೂಂ' ಎನ್ನುವುದೇ ಹಾಗೆ. ಐವಿಂದ್ ಕೇಕೆ ಹಾಕಿ ಅವಳನ್ನು ಬೂಟಿನ ಸಮೇತ ಎತ್ತಿ ತಿರುಗಿಸಿದ.

ಅವನ ಮೊಬೈಲ್ ಗುಂಯ್‌ಗುಟ್ಟಿತು. ಅಮ್ಮನ ಮೆಸೇಜು: 'ಏನಂದ್ಲೋ'

ಅವನ ಹೆಬ್ಬೆರಳು ಅಕ್ಷರಗಳ ಮೇಲೆಲ್ಲ ಅಲೆದಾಡಿತು. ಆ ಉಸಿರನ್ನು ಬರೆಯಲು ಒಂದೂ ಸಿಗಲಿಲ್ಲ. ಕೊನೆಗೆ ಅಮ್ಮನಿಗೆ ಫೋನು ಹಚ್ಚಿ, ಸುನ್ನಿವಾಳ ಬಾಯಿಯ ಹತ್ತಿರ ಹಿಡಿದ.

"ಇನ್ನೊಂದ್ಸಲ ಉಸಿರೆಳಿಯೇ."